ಕೆಳಗೆ ಜೀನ್ಸ್ ಗೋದಾಮು, ಮೇಲೆ ಮನೆ: ನಡುವೆ ಒಂದು ಗೋಡೆ ಹಾಕಿದರೆ ಸಾಕಾ?

ಓದುಗರ ಪ್ರಶ್ನೆ: ಸರ್, ಬಳ್ಳಾರಿಯ ಕೌಲ್‌ಬಜಾರ್ ಕಡೆ 30-60 ಸೈಟಿನಲ್ಲಿ ನಮ್ಮ ಕಟ್ಟಡ ಇದೆ. ನೆಲಮಹಡಿಯ ಮುಂದೆ ಎರಡು ಅಂಗಡಿ ಬಾಡಿಗೆಗೆ ಕೊಟ್ಟಿದ್ದೇವೆ. ಹಿಂದೆ ನಮ್ಮ ಜೀನ್ಸ್ ಗೋದಾಮು. ಬಟ್ಟೆ ಥಾನು, ಹೊಲಿದ ಪ್ಯಾಂಟಿನ ಗಂಟು, ಪ್ಲಾಸ್ಟಿಕ್ ಕವರ್ ಎಲ್ಲ ಅಲ್ಲೇ. ಮೊದಲ ಮಹಡಿಯಲ್ಲಿ ಹೊಲಿಗೆ ನಡೆಯುತ್ತದೆ, ಇಪ್ಪತ್ತೈದು ಜನ ಕೆಲಸಕ್ಕೆ ಬರುತ್ತಾರೆ. ಎರಡನೇ ಮಹಡಿ ನಮ್ಮ ಮನೆ. ಅವ್ವನಿಗೆ ಮಂಡಿನೋವು, ಮೆಟ್ಟಿಲು ಇಳಿಯುವುದೇ ಕಷ್ಟ. ಮೂರನೇ ಮಹಡಿಯಲ್ಲಿ ಕಾಲೇಜು ಹುಡುಗರು ಬಾಡಿಗೆಗಿದ್ದಾರೆ. ಮೆಟ್ಟಿಲು ಒಂದೇ, ಅದೂ ಕಟ್ಟಡದ ನಡುವೆ, ಗೋದಾಮಿನ ಪಕ್ಕದಿಂದಲೇ ಹತ್ತಬೇಕು. ಮೆಟ್ಟಿಲ ಕೆಳಗೆ ಕರೆಂಟ್ ಮೀಟರ್‌ಗಳು. ಹುಡುಗರ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗೂ ಅಲ್ಲೇ. ಕಟ್ಟಡವನ್ನು ಭಾಗ ಭಾಗ ಮಾಡಿದರೆ ಬೆಂಕಿ ಹರಡುವುದಿಲ್ಲ ಎಂದು ಓದಿದೆ. ಮೇಸ್ತ್ರಿಯನ್ನು ಕೇಳಿದರೆ ‘ಆರ್‌ಸಿಸಿ ಕಟ್ಟಡ, ಸುಡೋದಿಲ್ಲ, ಸುಮ್ನೆ ಖರ್ಚು’ ಅಂದರು. ಒಬ್ಬ ಇಂಜಿನಿಯರ್ 750 ಚದರ ಮೀಟರ್ ಒಳಗಿದ್ದರೆ ಭಾಗ ಮಾಡುವ ನಿಯಮವೇ ಇಲ್ಲ ಅಂದರು. ಇಂಟೀರಿಯರ್‌ನವರು ಜಿಪ್ಸಂ ಬೋರ್ಡು ಹಾಕಿಸಿ ಅನ್ನುತ್ತಿದ್ದಾರೆ, ಮುಂಭಾಗಕ್ಕೆ ಎಸಿಪಿ (ಅಲ್ಯೂಮಿನಿಯಂ ಹೊದಿಕೆ ಹಲಗೆ) ಹೊದಿಸುವ ಮಾತೂ ನಡೆದಿದೆ. ತಮ್ಮನ ವಾದ ಬೇರೆ: ಮೆಟ್ಟಿಲಿಗೆ ಬಾಗಿಲು ಹಾಕಿದರೆ ಗಾಳಿ ಬರಲ್ಲ, ಬೆಂಕಿ ಬಿದ್ದಾಗ ನಾವೇ ಒಳಗೆ ಸಿಕ್ಕಿಕೊಳ್ಳುತ್ತೇವೆ ಅಂತಾನೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಬಹಳ ಇವೆ, ಚಿಂತೆ ಮಾತ್ರ ಒಂದೇ. ರಾತ್ರಿ ಹೊತ್ತು ಗೋದಾಮಿಗೆ ಬೆಂಕಿ ಬಿದ್ದರೆ ಅವ್ವನನ್ನು ಹೇಗೆ ಕೆಳಗಿಳಿಸುವುದು? ಈಗಿರುವ ಕಟ್ಟಡದಲ್ಲಿ ಇಳಿಸಲು ಆಗುವುದಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ನೀವು ಏಳುವಷ್ಟರಲ್ಲಿ ಮೆಟ್ಟಿಲು ಹೊಗೆಯಿಂದ ತುಂಬಿರುತ್ತದೆ, ಇರುವ ದಾರಿ ಅದೊಂದೇ. ಆದರೆ ಇದನ್ನು ಸರಿಮಾಡಲು ಕಟ್ಟಡ ಕೆಡವಬೇಕಾಗಿಲ್ಲ. ಎಲ್ಲಿ ಗೋಡೆ, ಎಲ್ಲಿ ಬಾಗಿಲು, ಯಾವ ತೂತು ಮುಚ್ಚಬೇಕು ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಮೇಸ್ತ್ರಿ ಮಾತು. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಕಾಂಕ್ರೀಟು ಉರಿಯುವುದಿಲ್ಲ. ಐದು ಇಂಚಿನ ಸ್ಲ್ಯಾಬು, ಕಂಬಿಗೆ ಸರಿಯಾದ ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ಪದರ) ಕೊಟ್ಟು ಹಾಕಿದ್ದರೆ, ಬೆಂಕಿಯನ್ನು ಗಂಟೆಗಟ್ಟಲೆ ತಡೆಯುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಂತೂ ಇನ್ನೂ ಗಟ್ಟಿ. ಹಾಗಾಗಿ ನಿಮ್ಮ ಕಟ್ಟಡ ಬೀಳುತ್ತದೆ ಅನ್ನುವ ಭಯ ಮೊದಲ ಭಯ ಆಗಬೇಕಿಲ್ಲ. ಉರಿಯುವುದು ಒಳಗಿರುವ ಮಾಲು. ಜನ ಸಾಯುವುದು ಹೆಚ್ಚಾಗಿ ಸುಟ್ಟಲ್ಲ, ಹೊಗೆ ಕುಡಿದು. ಶಟರ್ ಎಳೆದ ಗೋದಾಮಿನಲ್ಲಿ ಗಾಳಿ ಕಡಿಮೆ. ಅಲ್ಲಿ ಒತ್ತೊತ್ತಾಗಿ ಪೇರಿಸಿದ ಹತ್ತಿ ಬಟ್ಟೆ ಭಗ್ಗನೆ ಉರಿಯುವುದಿಲ್ಲ, ಒಳಗೊಳಗೇ ಕನಲುತ್ತದೆ. ರಾಯಚೂರಿನ ಜಿನ್ನಿಂಗ್ ಫ್ಯಾಕ್ಟರಿಯವರನ್ನು ಕೇಳಿ ನೋಡಿ, ಆರಿಸಿದ ಅರಳೆ ಬೇಲು ಮರುದಿನ ಮತ್ತೆ ಹೊಗೆ ಬಿಡುವುದು ಅವರಿಗೆ ಹೊಸದಲ್ಲ. ಹೀಗೆ ಗಾಳಿ ಸಾಲದೆ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದೇ ಇಲ್ಲ.

ಬಿಸಿ ಹೊಗೆ ಮೇಲಕ್ಕೇ ಹೋಗುತ್ತದೆ. ಮೇಲಕ್ಕೆ ಹೋಗಲು ನಿಮ್ಮ ಕಟ್ಟಡದಲ್ಲಿ ಅದಕ್ಕೆ ಸಿಗುವ ದೊಡ್ಡ ದಾರಿ ಮೆಟ್ಟಿಲು. ನಡುವಿನ ಮೆಟ್ಟಿಲು ಬೆಂಕಿ ಬಿದ್ದ ದಿನ ಹೊಗೆಕೊಳವೆಯೇ. ಮೊದಲು ತುಂಬುವುದು ತುದಿ, ಅಂದರೆ ಮೂರನೇ ಮಹಡಿ. ಆಮೇಲೆ ಹೊಗೆ ಕೆಳಗಿಳಿಯುತ್ತಾ ಬರುತ್ತದೆ. ನೆಲಮಹಡಿಯಲ್ಲಿ ಬೆಂಕಿ ಬಿದ್ದರೂ ಹುಡುಗರಿಗೆ ನಿಮಗಿಂತ ಮೊದಲು ಉಸಿರು ಕಟ್ಟಬಹುದು.

2025ರ ಮೇ 18ರ ಬೆಳಿಗ್ಗೆ ಹೈದರಾಬಾದಿನ ಗುಲ್ಜಾರ್ ಹೌಜ್ ಪ್ರದೇಶದಲ್ಲಿ ಆದದ್ದು ಹೆಚ್ಚು ಕಡಿಮೆ ಇದೇ. ಕೆಳಗೆ ಅಂಗಡಿ, ಮೇಲೆ ಮನೆ, ಇಕ್ಕಟ್ಟಾದ ಒಂದೇ ಮೆಟ್ಟಿಲು. 17 ಜನ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ನಮ್ಮ ರಾಜ್ಯದ್ದೇ ಬೇಕೆಂದರೆ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಇದೆ. 2010ರ ಫೆಬ್ರವರಿ 23ರಂದು ಅಲ್ಲಿ ಬೆಂಕಿ ಹುಟ್ಟಿದ್ದು ವಿದ್ಯುತ್ ಕೇಬಲ್ ಹಾಯುವ ಡಕ್ಟಿನಲ್ಲಿ. ಬೆಂಕಿ ಏನೂ ದೊಡ್ಡದಲ್ಲ. ಹೊಗೆ ಮಾತ್ರ ಮಹಡಿ ಮಹಡಿಗೂ ನುಗ್ಗಿತು. 9 ಜನ ಸತ್ತರು, ಹೊಗೆ ತಾಳಲಾರದೆ ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. ಆ ಕಟ್ಟಡದ ಗೋಡೆಗಳು ಗಟ್ಟಿಯಾಗಿಯೇ ಇದ್ದವು.

ಇನ್ನು 750 ಚದರ ಮೀಟರ್ ಮಾತು. ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ 2016ರ ಎನ್‌ಬಿಸಿಯ 4ನೇ ಭಾಗದಲ್ಲಿ, ಒಂದು ಭಾಗ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಆ ಅಂಕಿ ಬರುತ್ತದೆ. ಸ್ಪ್ರಿಂಕ್ಲರ್ (ಬಿಸಿ ತಾಗಿದರೆ ತಾನೇ ನೀರು ಚಿಮ್ಮಿಸುವ ಸೂರಿನ ನಲ್ಲಿ) ಇದ್ದರೆ ಕೆಲವು ಬಗೆಯ ಕಟ್ಟಡಗಳಿಗೆ ಹೆಚ್ಚು ವಿಸ್ತಾರಕ್ಕೂ ಅವಕಾಶ ಇದೆ. ಲೆಕ್ಕ ಹಾಕಿದರೆ ನಿಮ್ಮ ಇಡೀ ಸೈಟೇ ಸುಮಾರು 167 ಚದರ ಮೀಟರ್. ಆ ಲೆಕ್ಕದಲ್ಲಿ ಇಂಜಿನಿಯರ್ ಹೇಳಿದ್ದು ತಪ್ಪಲ್ಲ. ಒಂದೇ ಮಹಡಿಯನ್ನು ಅಡ್ಡಡ್ಡ ತುಂಡು ಮಾಡು ಎಂದು ಯಾರೂ ನಿಮಗೆ ಹೇಳುವುದಿಲ್ಲ. ಆದರೆ ನಿಮ್ಮ ತೊಂದರೆ ಅಡ್ಡಕ್ಕಿಲ್ಲ, ಉದ್ದಕ್ಕಿದೆ. ಮಹಡಿಗೂ ಮಹಡಿಗೂ ನಡುವೆ ಬೇರ್ಪಡೆ ಇರಬೇಕು, ಮೆಟ್ಟಿಲು ಸುತ್ತುವರಿದಿರಬೇಕು, ಡಕ್ಟುಗಳು ಪ್ರತಿ ಮಹಡಿಯಲ್ಲೂ ಮುಚ್ಚಿರಬೇಕು ಎಂದು ಅದೇ ಸಂಹಿತೆ ಹೇಳುತ್ತದೆ. ಬೇರೆ ಬೇರೆ ಬಳಕೆ ಒಂದೇ ಕಟ್ಟಡದಲ್ಲಿ ಸೇರಿದರೆ ಇನ್ನೂ ಎಚ್ಚರ ಬೇಕು. ನಿಮ್ಮಲ್ಲಿ ಅಂಗಡಿ, ಗೋದಾಮು, ಕಾರ್ಖಾನೆ, ಮನೆ, ಬಾಡಿಗೆ ಕೋಣೆ ಎಲ್ಲ ಒಂದೇ ಸೂರಿನಡಿ. ಚದರ ಮೀಟರ್ ನೋಡುತ್ತಾ ಕೂತರೆ ಇದು ಕಣ್ಣಿಗೆ ಬೀಳುವುದಿಲ್ಲ. ಎನ್‌ಬಿಸಿ ತಾನಾಗಿ ಕಾನೂನಲ್ಲ, ರಾಜ್ಯದ ನಿಯಮ ಮತ್ತು ಪಾಲಿಕೆಯ ಬೈಲಾ ಮೂಲಕ ಜಾರಿಗೆ ಬರುತ್ತದೆ. ಕಾಗದಪತ್ರದ ಮಟ್ಟಿಗೆ ನಿಮಗೆ ಏನು ಕಡ್ಡಾಯ ಎಂಬುದನ್ನು ಮಹಾನಗರ ಪಾಲಿಕೆ ಮತ್ತು ಅಗ್ನಿಶಾಮಕ ಇಲಾಖೆಯವರಿಂದ ಬರವಣಿಗೆಯಲ್ಲೇ ಪಡೆಯಿರಿ.

ಈಗ ನನ್ನ ಕೆಲಸದ ಮಾತಿಗೆ ಬರುತ್ತೇನೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಗಾರ್ಮೆಂಟ್, ಲಾಡ್ಜು, ನರ್ಸಿಂಗ್ ಹೋಂ, ರೈಸ್ ಮಿಲ್ ಎಲ್ಲ ನೋಡುತ್ತಿರುತ್ತೇನೆ. ಗೋಡೆ ಸಾಲದೆ ಕೆಟ್ಟ ಕಟ್ಟಡ ಕಡಿಮೆ. ಗೋಡೆಯಲ್ಲಿ ತೂತು ಬಿಟ್ಟು ಕೆಟ್ಟದ್ದೇ ಜಾಸ್ತಿ. ಕಟ್ಟುವಾಗ ಒಂದು ಗಂಟೆ ತಡೆಯುವ ಗೋಡೆ, ಕೇಬಲಿಗೆ, ಪೈಪಿಗೆ, ಎಸಿ ಪೈಪಿಗೆ, ಇಂಟರ್ನೆಟ್ ತಂತಿಗೆ ಅಂತ ಒಬ್ಬೊಬ್ಬರೇ ಬಂದು ಕೊರೆದು ಹೋದ ಮೇಲೆ ಐದು ನಿಮಿಷವೂ ಹೊಗೆ ತಡೆಯುವುದಿಲ್ಲ.

ಒಂದು ಪರೀಕ್ಷೆ ಹೇಳುತ್ತೇನೆ, ಇವತ್ತೇ ಮಾಡಿ. ಮೆಟ್ಟಿಲ ಕೆಳಗೆ ಮೀಟರ್ ಬೋರ್ಡಿನಿಂದ ಮೇಲಕ್ಕೆ ಕೇಬಲ್ ಹೋಗುವ ಜಾಗ ಇದೆಯಲ್ಲ, ಅಲ್ಲಿ ಸ್ಲ್ಯಾಬಿನ ತೂತಿನ ಹತ್ತಿರ ಹಚ್ಚಿದ ಊದಿನಕಡ್ಡಿ ಹಿಡಿಯಿರಿ. ಬಟ್ಟೆ, ಚಿಂದಿ ಹತ್ತಿರ ಇದ್ದರೆ ಮೊದಲು ಸರಿಸಿ, ಕೆಳಗೆ ಒಂದು ತಟ್ಟೆ ಇಡಿ. ಹೊಗೆ ನೆಟ್ಟಗೆ ನಿಂತರೆ ಸರಿ. ಬಹುಪಾಲು ಕಟ್ಟಡಗಳಲ್ಲಿ ಅದು ಬಾಗಿ ಒಳಗೆ ಸರ್ರನೆ ಎಳೆದುಕೊಂಡು ಹೋಗುತ್ತದೆ. ಟಾರ್ಚು ಹಾಕಿ ನೋಡಿದರೆ ನಾಲ್ಕಿಂಚಿನ ತೂತು, ಒಳಗೆ ಮೂರು ಕೇಬಲ್, ಸುತ್ತ ಹಳೇ ಪೇಪರಿನ ಉಂಡೆ, ಅದರ ಮೇಲೆ ತೆಳ್ಳಗೆ ಪಿಒಪಿ. ಕೆಳಗಿನಿಂದ ನೋಡಿದವರಿಗೆ ಅಚ್ಚುಕಟ್ಟಾಗಿ ಮುಚ್ಚಿದ ಹಾಗೆಯೇ ಕಾಣುತ್ತದೆ. ರಾತ್ರಿ ಇನ್ನೊಂದು ಕೆಲಸ ಮಾಡಿ. ಗೋದಾಮಿನ ಲೈಟು ಹಾಕಿ, ಮೆಟ್ಟಿಲಿನ ಲೈಟು ಆರಿಸಿ, ಮೆಟ್ಟಿಲಲ್ಲಿ ನಿಂತು ಎಲ್ಲೆಲ್ಲಿ ಬೆಳಕು ಸೋರುತ್ತದೆ ನೋಡಿ. ಬೆಳಕು ಬಂದಲ್ಲೆಲ್ಲ ಹೊಗೆ ಬರುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ.

ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಹಲಗೆ ಬಿಚ್ಚಿಸಿ ನೋಡಿ. ಗೋಡೆ ಸೀಲಿಂಗಿನವರೆಗೆ ಮಾತ್ರ ಬಂದು, ಮೇಲಿನ ಸ್ಲ್ಯಾಬಿಗೆ ಮುಟ್ಟದೆ ನಿಂತಿರುವುದು ಬಹಳ ಸಾಮಾನ್ಯ. ಮೇಲೆ ಒಂದೂವರೆ ಅಡಿ ಬಯಲು. ಅಂಥ ಗೋಡೆ ಕಣ್ಣಿಗೆ ಗೋಡೆ ಅಷ್ಟೇ, ಹೊಗೆಗೆ ಅದು ಇದ್ದೂ ಇಲ್ಲ.

ತೂತು ಮುಚ್ಚುವಾಗ ಆಗುವ ಎಡವಟ್ಟು ಇನ್ನೊಂದು. ಪೇಟೆಯಲ್ಲಿ ಸಿಗುವ ಫೋಮ್ ಸ್ಪ್ರೇ ಹೊಡೆದು ‘ಸೀಲ್ ಆಯ್ತು’ ಅನ್ನುತ್ತಾರೆ. ಮಾಮೂಲಿ ಪಾಲಿಯುರೆಥೇನ್ ಫೋಮು ತಾನೇ ಹತ್ತಿ ಉರಿಯುತ್ತದೆ. ದೊಡ್ಡ ತೂತಿಗೆ ಗಟ್ಟಿಯಾಗಿ ಸಿಮೆಂಟ್ ಗಾರೆ ತುಂಬಿಸಿ. ಕೇಬಲ್ ಸುತ್ತ ರಾಕ್‌ವೂಲ್ (ಕಲ್ಲಿನಿಂದ ಮಾಡಿದ ನಾರು) ಒತ್ತಿ ಮೇಲೆ ಬೆಂಕಿ ತಡೆಯುವ ಸೀಲೆಂಟ್ ಬಳಿಸಿ. ಗ್ಲಾಸ್‌ವೂಲ್ ಬೇಡ, ಬಿಸಿಗೆ ಬೇಗ ಕರಗುತ್ತದೆ. ಪಿವಿಸಿ ಪೈಪಿನದು ಬೇರೆಯೇ ಕಥೆ. ಪೈಪು 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಆಮೇಲೆ ಕರಗಿ ಬೀಳುತ್ತದೆ. ಸುತ್ತ ಎಷ್ಟು ಚೆನ್ನಾಗಿ ಗಾರೆ ಹಾಕಿದ್ದರೂ ಪೈಪು ಇದ್ದ ಜಾಗವೇ ತೂತಾಗುತ್ತದೆ. ಅದಕ್ಕೆಂದೇ ಕಾಲರ್ ಅಂತ ಒಂದು ಬಳೆ ಸಿಗುತ್ತದೆ. ಬಿಸಿ ತಾಗಿದರೆ ಉಬ್ಬಿ, ಮೆತ್ತಗಾದ ಪೈಪನ್ನು ಹಿಚುಕಿ ದಾರಿ ಮುಚ್ಚುತ್ತದೆ. ಬಳ್ಳಾರಿಯಲ್ಲಿ ಕೈಗೆ ಸಿಗದಿದ್ದರೆ ಬೆಂಗಳೂರು, ಹೈದರಾಬಾದಿನಿಂದ ತರಿಸಬಹುದು.

ಇಂಟೀರಿಯರ್‌ನವರ ಜಿಪ್ಸಂ ಬೋರ್ಡಿನ ಸಲಹೆ ತೀರಾ ತಳ್ಳಿಹಾಕುವಂಥದ್ದಲ್ಲ. ಜಿಪ್ಸಮ್ಮಿನ ತೂಕದಲ್ಲಿ ಐದನೇ ಒಂದು ಭಾಗ ನೀರೇ, ಅದು ಆವಿಯಾಗಿ ಮುಗಿಯುವವರೆಗೆ ಆಚೆ ಬದಿ ಜಾಸ್ತಿ ಕಾಯುವುದಿಲ್ಲ. ಆದರೆ ಬೆಂಕಿಗೆಂದೇ ಮಾಡಿದ ಬೋರ್ಡು ಬೇರೆ, ಮಾಮೂಲಿ ಬೋರ್ಡು ಬೇರೆ. ಒಳ್ಳೆ ಬೋರ್ಡಿಗೂ ಲೆಕ್ಕಕ್ಕೆ ಬರುವುದು ಫ್ರೇಮು, ಸ್ಕ್ರೂ ಅಂತರ, ಜಾಯಿಂಟು, ಎಷ್ಟು ಪದರ ಎಲ್ಲ ಸೇರಿಸಿ ಪರೀಕ್ಷೆ ಮಾಡಿದ ಗೋಡೆ. ಎರಡೂ ಬದಿ ಎದುರುಬದುರು ಸ್ವಿಚ್ ಬೋರ್ಡು ಕೊರೆದರೆ ಮುಗೀತು. ಮನೆಯೊಳಗೆ ಆದರೆ ಸರಿ ಅನ್ನುತ್ತಿದ್ದೆ. ಗೋದಾಮಿನಲ್ಲಿ ಬಟ್ಟೆ ಗಂಟು ಎಸೆಯುತ್ತಾರೆ, ಇಲಿ ಇರುತ್ತವೆ, ಮಳೆಗಾಲದಲ್ಲಿ ತೇವ. ಅಲ್ಲಿ ಇಟ್ಟಿಗೆ ಅಥವಾ ಎಎಸಿ (ಹಗುರ ಕಾಂಕ್ರೀಟು) ಬ್ಲಾಕಿನ ಗೋಡೆಯೇ ಸರಿ. ಮೇಲಿನ ಮಹಡಿಗಳಲ್ಲಿ ಸ್ಲ್ಯಾಬಿಗೆ ಭಾರ ಆಗಬಾರದು ಎಂದರೆ ಎಎಸಿ ಹಗುರ, ನಾಲ್ಕಿಂಚಿನದೂ ಬೆಂಕಿ ಚೆನ್ನಾಗಿ ತಡೆಯುತ್ತದೆ. ಹೊಸ ಗೋಡೆ ಎಬ್ಬಿಸುವ ಮೊದಲು ಕೆಳಗೆ ಬೀಮು ಇದೆಯಾ ಎಂದು ಸ್ಟ್ರಕ್ಚರಲ್ ಇಂಜಿನಿಯರನ್ನು ಕೇಳಿ.

ಈಗ ತಮ್ಮನ ವಾದ. ಬಾಗಿಲು ಹಾಕಿದರೆ ಸಿಕ್ಕಿಕೊಳ್ಳುತ್ತೇವೆ ಅನ್ನುವುದನ್ನು ನಾನು ದಿನಾ ಕೇಳುತ್ತೇನೆ. ಸಿಕ್ಕಿಸುವುದು ಬೀಗ, ಬಾಗಿಲಲ್ಲ. ಅಮೆರಿಕದ ಯುಎಲ್ ಸಂಸ್ಥೆಯ ಸಂಶೋಧಕರು ನಿಜವಾದ ಮನೆಗಳಿಗೆ ಬೆಂಕಿ ಹಚ್ಚಿ ಅಳತೆ ತೆಗೆದಿದ್ದಾರೆ. ಬಾಗಿಲು ತೆರೆದಿದ್ದ ಕೋಣೆಯಲ್ಲಿ ಬಿಸಿ 540 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಮುಚ್ಚಿದ ಕೋಣೆಯಲ್ಲಿ 38. ನಮಗೆ 38 ಅಂದರೆ ಮಾರ್ಚ್ ತಿಂಗಳ ಮಧ್ಯಾಹ್ನ, ಅಷ್ಟೇ. ಕಾರ್ಬನ್ ಮೊನಾಕ್ಸೈಡ್ ತೆರೆದ ಕೋಣೆಯಲ್ಲಿ ಹತ್ತು ಲಕ್ಷಕ್ಕೆ 10,000 ಪಾಲು, ಮುಚ್ಚಿದಲ್ಲಿ 1,000. ಅದೂ ಮನೆಯ ಮಾಮೂಲಿ ಬಾಗಿಲುಗಳಲ್ಲಿ. ಹಾಗಾಗಿ ಅವ್ವನ ಕೋಣೆ ಬಾಗಿಲು ರಾತ್ರಿ ಮುಚ್ಚಿರಲಿ, ಚಿಲಕ ಬೇಡ. ಇದಕ್ಕೆ ನಯಾಪೈಸೆ ಖರ್ಚಿಲ್ಲ.

ಗಾಳಿ ವಿಷಯದಲ್ಲಿ ಮಾತ್ರ ತಮ್ಮನ ಮಾತಿಗೆ ಬೆಲೆ ಕೊಡಬೇಕು. ಏಪ್ರಿಲ್ ತಿಂಗಳಲ್ಲಿ ಮೆಟ್ಟಿಲ ಬಾಗಿಲು ಮುಚ್ಚಿಕೊಂಡು ಹೊಲಿಗೆ ಮಾಡಿ ಎಂದು ಕೂಲಿಯವರಿಗೆ ಹೇಳಿದರೆ ಕೇಳುತ್ತಾರಾ? ಎರಡೇ ದಿನ. ಮೂರನೇ ದಿನ ಬಾಗಿಲಿಗೆ ಒಂದು ಇಟ್ಟಿಗೆ ಕೊಟ್ಟಿರುತ್ತಾರೆ. ಸಾವಿರಾರು ರೂಪಾಯಿಯ ಫೈರ್ ಡೋರಿಗೆ ಇಟ್ಟಿಗೆ, ತೆಂಗಿನಕಾಯಿ, ಕೆಲವು ನರ್ಸಿಂಗ್ ಹೋಂಗಳಲ್ಲಿ ಆಕ್ಸಿಜನ್ ಸಿಲಿಂಡರ್ ಕೊಟ್ಟಿದ್ದನ್ನೂ ನೋಡಿದ್ದೇನೆ. ಬೈದು ಪ್ರಯೋಜನ ಇಲ್ಲ, ಸೆಕೆ ಸುಳ್ಳಲ್ಲ. ಎರಡು ಉಪಾಯ ಇವೆ. ಹೊಲಿಗೆ ಹಾಲಿಗೆ ಗಾಳಿಯನ್ನು ಮೆಟ್ಟಿಲಿನಿಂದ ತರದೆ ಹೊರಗೋಡೆಯ ಕಿಟಕಿ, ಎಕ್ಸಾಸ್ಟ್ ಫ್ಯಾನಿನಿಂದ ತನ್ನಿ. ಅಥವಾ ಬಾಗಿಲನ್ನು ತೆರೆದೇ ಹಿಡಿಯುವ ಮ್ಯಾಗ್ನೆಟ್ ಹಾಕಿಸಿ. ಹೊಗೆ ಅಲಾರಂ ಕೂಗಿದರೆ, ಇಲ್ಲವೇ ಕರೆಂಟು ಹೋದರೆ, ಮ್ಯಾಗ್ನೆಟ್ ಬಿಡುತ್ತದೆ, ಬಾಗಿಲು ತಾನೇ ಮುಚ್ಚುತ್ತದೆ. ನಮ್ಮಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆ ಗೊತ್ತಲ್ಲ, ಪ್ರತಿ ಸಲ ಎದ್ದು ಬಾಗಿಲು ತೆರೆಯಬೇಕು. ಆ ಕಿರಿಕಿರಿಗೆ ತಯಾರಿರಿ. ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ ಎನ್ನುವ ಪರೀಕ್ಷೆಯೂ ಪುಕ್ಕಟೆ ಆದ ಹಾಗಾಯ್ತು.

ಫೈರ್ ಡೋರ್ ಕೊಳ್ಳುವಾಗ ಹಲಗೆ ದಪ್ಪ ನೋಡಿ ಮರುಳಾಗಬೇಡಿ. ಚೌಕಟ್ಟು, ಕೀಲು, ಚಿಲಕ, ತಾನೇ ಮುಚ್ಚುವ ಕ್ಲೋಸರ್ ಎಲ್ಲ ಸೇರಿ ಪರೀಕ್ಷೆ ಆಗಿರಬೇಕು. ಬಾಗಿಲ ಅಂಚಿನಲ್ಲಿ ತಯಾರಕರ ಫಲಕ, ಎಷ್ಟು ನಿಮಿಷದ್ದು ಎಂಬುದು ಇರಬೇಕು. ಪರೀಕ್ಷೆಯ ಕುಲುಮೆಯಲ್ಲಿ ಐದೇ ನಿಮಿಷಕ್ಕೆ ಬಿಸಿ ಸುಮಾರು 576 ಡಿಗ್ರಿ, ಒಂದು ಗಂಟೆಗೆ 945. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಅಲ್ಯೂಮಿನಿಯಂ ಸೆಕ್ಷನ್ನು, ಮಾಮೂಲಿ ಗಾಜಿನ ಬಾಗಿಲನ್ನು ಫೈರ್ ಡೋರ್ ಎಂದು ಯಾರಾದರೂ ಮಾರಿದರೆ ವಾಪಸ್ ಕಳಿಸಿ. ಅಂಚಿನ ಕಪ್ಪು ಪಟ್ಟಿ ಬಿಸಿಗೆ ಉಬ್ಬಿ ಸಂದು ಮುಚ್ಚುತ್ತದೆ, ಆದರೆ ಉಬ್ಬಲು ಅದಕ್ಕೆ ಸುಮಾರು 200 ಡಿಗ್ರಿ ಬೇಕು. ಮೊದಲ ಹತ್ತು ನಿಮಿಷದ ತಣ್ಣನೆ ಹೊಗೆ ಅದರ ಪಕ್ಕದಲ್ಲೇ ನುಸುಳಿ ಬರುತ್ತದೆ. ಅದಕ್ಕೆ ರಬ್ಬರ್ ಅಥವಾ ಬ್ರಷ್ ಸೀಲೂ ಕೇಳಿ ಹಾಕಿಸಿಕೊಳ್ಳಿ. ಬಾಗಿಲ ತಳದ ಸಂದನ್ನೂ ಮರೆಯಬೇಡಿ, ನಮ್ಮ ಬಡಗಿಗಳು ಅಲ್ಲಿ ಧಾರಾಳ.

ಗೋದಾಮಿನ ಶಟರ್ ಬೆಂಕಿ ತಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ತಗಡು ಉರಿಯುವುದಿಲ್ಲ, ನಿಜ. ಆದರೆ ಪಟ್ಟಿ ಪಟ್ಟಿಯ ನಡುವೆ ಹೊಗೆ ಬರುತ್ತದೆ, ತಗಡು ಕೆಂಡದಂತೆ ಕಾದು ಈಚೆ ಬದಿಯ ಸಾಮಾನಿಗೆ ಬೆಂಕಿ ಹತ್ತಿಸುತ್ತದೆ. ಮೆಟ್ಟಿಲ ಕಡೆಗಿರುವ ಗೋದಾಮಿನ ಶಟರನ್ನು ತೆಗೆಸಿ ಗೋಡೆ ಕಟ್ಟಿಸಿ. ಗೋದಾಮಿಗೆ ದಾರಿ ರಸ್ತೆ ಕಡೆಯಿಂದಲೋ ಪಕ್ಕದ ಸಂದಿಯಿಂದಲೋ ಇರಲಿ. ನನ್ನನ್ನು ಕೇಳಿದರೆ ನಿಮ್ಮ ಕಟ್ಟಡದಲ್ಲಿ ಖರ್ಚಿಗೆ ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ: ಗೋದಾಮಿಗೂ ಮೆಟ್ಟಿಲಿಗೂ ನಡುವೆ ಬಾಗಿಲೇ ಇಲ್ಲದ ಒಂದು ಗೋಡೆ, ನೆಲದಿಂದ ಸ್ಲ್ಯಾಬಿನವರೆಗೆ. ಬಾಗಿಲಿಲ್ಲದ ಗೋಡೆಗೆ ಯಾರೂ ಇಟ್ಟಿಗೆ ಕೊಡಲು ಆಗುವುದಿಲ್ಲ.

ಇದರ ಮೇಲೆ ನಿಮಗೆ ಮೂರು ದಾರಿ ಕಾಣುತ್ತವೆ. ಮೊದಲನೆಯದು ಮಾಲನ್ನೇ ಹೊರಗೆ ಸಾಗಿಸುವುದು. ಮುಂಡರಗಿ ಕೈಗಾರಿಕಾ ಪ್ರದೇಶದ ಕಡೆ ಬಾಡಿಗೆ ಶೆಡ್ ಹಿಡಿದು, ಇಲ್ಲಿ ಎರಡು ಮೂರು ದಿನದ ಬಟ್ಟೆ ಮಾತ್ರ ಇಟ್ಟುಕೊಳ್ಳಿ. ಉರಿಯುವುದೇ ಇಲ್ಲದಿದ್ದರೆ ತಡೆಯುವುದೇನು? ಬಾಡಿಗೆ, ಸಾಗಣೆ, ಕಳ್ಳತನದ ಚಿಂತೆ ಮೈಮೇಲೆ ಬರುತ್ತದೆ, ಗಡಿಬಿಡಿ ಸೀಸನ್ನಿನಲ್ಲಿ ಮಾಲು ಮೆಲ್ಲಗೆ ವಾಪಸ್ ಬಂದು ಮೆಟ್ಟಿಲಲ್ಲಿ ಕೂರುತ್ತದೆ. ಅಲ್ಲಿ ಶಿಸ್ತು ಬೇಕು.

ಎರಡನೆಯದು ಮನೆಗೆ ಬೇರೆ ಮೆಟ್ಟಿಲು. ಹೊರಗೋಡೆಗೆ ಹೊಂದಿಕೊಂಡು ರಸ್ತೆಯಿಂದ ನೇರ ಹತ್ತುವ ಮೆಟ್ಟಿಲು ಹಾಕಿಸಲು ಜಾಗ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಹೊಗೆಯನ್ನು ಬಯಲು ನೋಡಿಕೊಳ್ಳುತ್ತದೆ. ತೊಡಕು ಇಷ್ಟೇ: ಕೌಲ್‌ಬಜಾರಿನಲ್ಲಿ ಸಂದಿಯೇ ಮೂರಡಿ, ಸೆಟ್‌ಬ್ಯಾಕಿನಲ್ಲಿ, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಜಾಗದಲ್ಲಿ, ಕಟ್ಟಲು ಪಾಲಿಕೆ ಒಪ್ಪಬೇಕು. ಕಬ್ಬಿಣದ ಮೆಟ್ಟಿಲಾದರೆ ಗೋದಾಮಿನ ಕಿಟಕಿ ಮುಂದೆ ಹಾದುಹೋಗಬಾರದು. ಆ ಕಿಟಕಿಯಿಂದ ಉರಿ ಹೊರಬಂದರೆ ಮೆಟ್ಟಿಲು ಉಪಯೋಗಕ್ಕೆ ಬರುವುದಿಲ್ಲ. 550 ಡಿಗ್ರಿ ದಾಟಿದರೆ ಉಕ್ಕಿನ ಬಲವೂ ಅರ್ಧಕ್ಕೆ ಇಳಿಯುತ್ತದೆ. ಅಂಥ ಕಿಟಕಿ ಇದ್ದರೆ ಇಟ್ಟಿಗೆಯಿಂದ ಮುಚ್ಚಿಸಿ.

ಮೂರನೆಯದು ಈಗಿನ ಮೆಟ್ಟಿಲನ್ನೇ ಕಾಪಾಡುವುದು. ಸುತ್ತ ಗೋಡೆ, ಮೊದಲ ಮತ್ತು ಎರಡನೇ ಮಹಡಿಯಲ್ಲಿ ತಾನೇ ಮುಚ್ಚುವ ಬಾಗಿಲು, ಮೂರನೇ ಮಹಡಿಗೂ ಒಂದು. ಮೆಟ್ಟಿಲಿನ ಒಳಗೆ ಹೊಗೆ ನುಸುಳಿದರೂ ಹೊರಹೋಗಲು ತುದಿಯಲ್ಲಿ, ಹೆಡ್‌ರೂಮಿನ (ತಾರಸಿಯ ಮೇಲಿನ ಮೆಟ್ಟಿಲ ಕೋಣೆ) ಗೋಡೆಯಲ್ಲಿ ಜಾಲರಿ ಇಟ್ಟ ಕಿಂಡಿ ಬೇಕು. ಲ್ಯಾಂಡಿಂಗ್ ಹೊರಗೋಡೆಗೆ ತಾಗಿದ್ದರೆ ಅಲ್ಲೂ ಅರ್ಧ ಚದರ ಮೀಟರಿನಷ್ಟು ತೆರೆಯುವ ಕಿಟಕಿ ಇರಲಿ. ನಿಮ್ಮ ಕೈಯಲ್ಲಾಗುವ ದಾರಿ ಬಹುಶಃ ಇದೇ. ಇದರ ದೌರ್ಬಲ್ಯ ಏನೆಂದರೆ ಎಲ್ಲ ಬಾಗಿಲಿನ ಮೇಲೆ ನಿಂತಿದೆ. ಒಂದು ಬಾಗಿಲಿಗೆ ಇಟ್ಟಿಗೆ ಇಟ್ಟರೂ ಉಳಿದ ಖರ್ಚು ನೀರಲ್ಲಿ ಹೋಮ. ಅದಕ್ಕೇ ಮೊದಲ ಗೋಡೆ ಬಾಗಿಲಿಲ್ಲದ್ದು ಇರಲಿ ಎಂದದ್ದು.

ಸ್ಪ್ರಿಂಕ್ಲರ್ ಬಗ್ಗೆ ನೀವು ಕೇಳಿಲ್ಲ, ಆದರೆ ಬೇಲ್ ಬಟ್ಟೆಗೆ ಅದು ಬಹಳ ಒಳ್ಳೆಯದು. ನಲ್ಲಿ ನೀರು ದಿನಾ ಬರದ ಊರು ನಮ್ಮದು, ಅದಕ್ಕೇ ಮೀಸಲು ಟ್ಯಾಂಕು, ಬೇರೆ ಪಂಪು ಇಟ್ಟರೆ ಮಾತ್ರ ಮಾಡಿಸಿ. ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳು ಬೇಕು, ಆದರೆ ಅವು ಆರಂಭದ ಬೆಂಕಿಗೆ ಮಾತ್ರ. ಎಚ್ಚರ ಇರುವವರು ಇದ್ದರೆ ಮಾತ್ರ.

ಸ್ಕೂಟರ್ ಚಾರ್ಜಿಂಗ್ ಮಾತ್ರ ಇವತ್ತೇ ನಿಲ್ಲಿಸಿ. ಬೇರೆ ಕೆಲಸಗಳಿಗೆ ತಿಂಗಳು ಹಿಡಿಯಲಿ, ಇದಕ್ಕೆ ಹಿಡಿಯಬಾರದು. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್, ಮೇಲೆ ಲಾಡ್ಜು ಇದ್ದ ಕಟ್ಟಡದಲ್ಲಿ ಹೊಗೆ ಮೆಟ್ಟಿಲು ಹತ್ತಿತು, 8 ಜನ ಸತ್ತರು. ಲಿಥಿಯಂ ಬ್ಯಾಟರಿ ಒಮ್ಮೆ ಕೆಟ್ಟು ಕಾಯಲು ಶುರುವಾದರೆ ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ಹಬ್ಬುತ್ತದೆ, ಸಣ್ಣ ಸಿಲಿಂಡರಿಗೆ ಬಗ್ಗುವುದಿಲ್ಲ. ಇರುವ ಒಂದೇ ಮೆಟ್ಟಿಲ ಬುಡದಲ್ಲಿ ಅದನ್ನಿಟ್ಟುಕೊಂಡು ಮೇಲೆ ಮಲಗುವುದು ಬೇಡ. ಮುಂದಿನ ಬಯಲಿನಲ್ಲಿ, ಸಜ್ಜಾದ ಕೆಳಗೆ, ಗೋಡೆಗೆ ಬೇರೆ ಪಾಯಿಂಟ್ ಕೊಡಿಸಿ. ಮೀಟರ್‌ಗಳನ್ನು ಹೊರಗೋಡೆಗೆ ಸಾಗಿಸಲು ಜೆಸ್ಕಾಂಗೆ ಅರ್ಜಿ ಕೊಡಿ. ಅದು ಆಗುವವರೆಗೆ ಸುತ್ತ ಚಿಂದಿ, ಕಾರ್ಟನ್ ಏನೂ ಇರಬಾರದು.

ಎಸಿಪಿ ಬಗ್ಗೆ ಒಂದು ಮಾತು. ಬಿಸಿಲಿಗೆ ಅಂತ ನಮ್ಮ ಕಡೆ ಹಾಕಿದ ಸಜ್ಜಾ ಬೆಂಕಿಗೂ ಒಳ್ಳೆಯದು, ಕೆಳಗಿನ ಕಿಟಕಿಯಿಂದ ಹೊರಬಂದ ಜ್ವಾಲೆಯನ್ನು ಮೇಲಿನ ಕಿಟಕಿಯಿಂದ ದೂರ ತಳ್ಳುತ್ತದೆ. ಜನ ಈ ಸಜ್ಜಾ ಒಡೆದು ಎಸಿಪಿ ಹೊದಿಸುತ್ತಾರೆ. ಅಗ್ಗದ ಎಸಿಪಿಯ ಎರಡು ತಗಡಿನ ನಡುವೆ ಇರುವುದು ಪಾಲಿಥಿನ್, ಹಿಂದೆ ಗೋಡೆಗೂ ಅದಕ್ಕೂ ನಡುವೆ ಪೊಳ್ಳು ಸಂದು. ಒಳಗಿನ ಎಲ್ಲ ಭಾಗ ಬೇರೆ ಮಾಡಿ, ಹೊರಗಿನಿಂದ ಬೆಂಕಿಗೆ ಏಣಿ ಕಟ್ಟಿಕೊಟ್ಟ ಹಾಗೆ. ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರಲ್ಲಿ 72 ಜನ ಸತ್ತದ್ದರ ಹಿಂದೆ ಇಂಥದ್ದೇ ಹೊದಿಕೆ ಇತ್ತು. ಪೇಂಟ್ ಹೊಡೆಸಿ, ಚೆನ್ನಾಗಿಯೇ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಬೆಂಕಿ ಬಿದ್ದದ್ದು ಯಾರಿಗೂ ಗೊತ್ತಾಗದಿದ್ದರೆ ಸಿಕ್ಕ ಸಮಯ ದಂಡ. ಗೋದಾಮಿನಲ್ಲಿ, ಹೊಲಿಗೆ ಹಾಲಿನಲ್ಲಿ, ಮೆಟ್ಟಿಲ ತುದಿಯಲ್ಲಿ ಹೊಗೆ ಅಲಾರಂ ಹಾಕಿಸಿ. ಒಂದು ಕೂಗಿದರೆ ಎಲ್ಲವೂ ಕೂಗುವ ಹಾಗೆ ಜೋಡಿಸಿರಬೇಕು, ಬ್ಯಾಟರಿಯೂ ಇರಬೇಕು. ಹೊಲಿಗೆಯ ಅರಳೆ ಧೂಳಿಗೆ ಅವು ಸುಮ್ಮಸುಮ್ಮನೆ ಕೂಗುತ್ತವೆ. ಆ ಹಾಲಿಗೆ ಬಿಸಿ ಗುರುತಿಸುವಂಥದ್ದು ಹಾಕಿಸಿದರೆ ತಂತಿ ಕಿತ್ತು ಹಾಕುವ ಪ್ರಸಂಗ ಬರುವುದಿಲ್ಲ. ಅವ್ವನ ವಿಷಯಕ್ಕೆ ಬಂದರೆ, ಹೊಗೆ ಮೆಟ್ಟಿಲಿಗೆ ಬಂದಿದ್ದರೆ ಅವರನ್ನು ಎಳೆದುಕೊಂಡು ಇಳಿಯಬೇಡಿ. ರಸ್ತೆ ಕಡೆ ಕಿಟಕಿ ಇರುವ ಕೋಣೆಗೆ ಕರೆದೊಯ್ದು, ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಲ್ಲಿ ನಿಂತು 112ಕ್ಕೆ ಕರೆ ಮಾಡಿ. ಆ ಕೋಣೆಯ ಗ್ರಿಲ್ಲಿನಲ್ಲಿ ಒಂದು ಭಾಗ ಒಳಗಿನಿಂದ ತೆರೆಯುವಂತೆ ವೆಲ್ಡರ್ ಹತ್ತಿರ ಈಗಲೇ ಮಾಡಿಸಿಕೊಳ್ಳಿ.

ಹುಡುಗರಿಗೆ ತಾರಸಿಯೇ ದಾರಿ, ನಿಮ್ಮ ಸಾಲಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಪಕ್ಕದ ತಾರಸಿಗೆ ದಾಟಬಹುದು. ಮೆಟ್ಟಿಲ ತುದಿಯಲ್ಲಿ ಹೊಗೆ ತುಂಬುವ ಮೊದಲು ಹೊರಡಬೇಕು, ಹಾಗಾಗಿ ಅಲಾರಂ ಅವರ ಬಾಗಿಲ ಹತ್ತಿರವೇ ಇರಲಿ. ಕಳ್ಳರ ಭಯಕ್ಕೆ ತಾರಸಿ ಬಾಗಿಲಿಗೆ ಬೀಗ ಹಾಕುತ್ತಿದ್ದರೆ ಅದನ್ನು ಬದಲಿಸಿ, ಒಳಗಿನಿಂದ ಕೈಯಲ್ಲಿ ತೆಗೆಯುವ ಅಗುಳಿ ಹಾಕಿಸಿ, ಹೊರಗಿನಿಂದ ತೆಗೆಯಲು ಆಗಬಾರದು. ಪಕ್ಕದ ಮನೆಯವರಿಗೂ ಮೊದಲೇ ಹೇಳಿಡಿ, ಅವರ ತಾರಸಿ ಬಾಗಿಲಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದು ನಿಮಗೆ ಗೊತ್ತಿರಬೇಕು.